ಗೋಡೆಯ ಮೇಲೊಂದು ಉಗಿಹಡಗು

ಮನೆಗೆ ಬಣ್ಣ ಬಳಿದು, ಸೋಫಾ ತಂದಿಟ್ಟು, ಪರದೆ ಕಟ್ಟಿದ ಮೇಲೆ ಒಂದು ಪ್ರಶ್ನೆ ಉಳಿದೇ ಉಳಿಯುತ್ತದೆ: ಹಾಲ್‌ನ ಖಾಲಿ ಗೋಡೆಗೆ ಏನು ಹಾಕೋಣ? ಹಳೆಯ ಉಗಿಹಡಗುಗಳ ಕಪ್ಪು ಬಿಳುಪು ಫೋಟೋಗಳನ್ನು ಅಲ್ಯೂಮಿನಿಯಂ ತಗಡಿನ ಮೇಲೆ ಮುದ್ರಿಸಿ ತೂಗುಹಾಕುವುದು ಈಗ ಅನೇಕರಿಗೆ ಇಷ್ಟವಾಗಿದೆ. ಇದಕ್ಕೆ ಮೆಟಲ್ ಪ್ರಿಂಟ್ ಎನ್ನುತ್ತಾರೆ. ಹಡಗು ಜೀವವಿಲ್ಲದ ವಸ್ತುವಾದ್ದರಿಂದ ಚಿತ್ರಗಳ ವಿಷಯದಲ್ಲಿ ಎಚ್ಚರಿಕೆಯಿಂದಿರುವ ಮನೆಗಳಲ್ಲೂ ಇದಕ್ಕೆ ಆಕ್ಷೇಪ ಬರುವುದು ಕಡಿಮೆ. ಆದರೆ ಹಣ ಕೊಡುವ ಮುನ್ನ ನಿಮ್ಮನ್ನು ನೀವೇ ಒಂದು ಮಾತು ಕೇಳಿಕೊಳ್ಳಿ. ಯಾವ ಹಡಗು?

ಹೆಚ್ಚಿನವರ ಆಯ್ಕೆ ಟೈಟಾನಿಕ್. 1912ರಲ್ಲಿ ಮುಳುಗಿದ ಈ ಹಡಗಿನ ಫೋಟೋ ಎಂದು ಮಾರಲಾಗುವ ಚಿತ್ರಗಳಲ್ಲಿ ಹಲವು ಅದರ ಜೊತೆಗಾರ ಹಡಗು ಒಲಿಂಪಿಕ್‌ನವು. ಮೇಲಿನ ದೋಣಿಗಳ ಸಾಲಿನ ಕೆಳಗೆ ಉದ್ದನೆಯ ಮೊಗಸಾಲೆಯೊಂದು ಕಾಣುತ್ತದೆ, ಅದನ್ನು ಗಮನಿಸಿ. ಅದರ ಮುಂದಿನ ಅರ್ಧ ಕಿಟಕಿಗಳಿಂದ ಮುಚ್ಚಿದ್ದರೆ ಟೈಟಾನಿಕ್, ಕೊನೆಯವರೆಗೂ ತೆರೆದಿದ್ದರೆ ಒಲಿಂಪಿಕ್. ಇಷ್ಟನ್ನೂ ನೋಡದೆ ಹೆಸರು ಬರೆದು ಮಾರುವವರಿದ್ದಾರೆ.

ಟೈಟಾನಿಕ್ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಹಿರಿಯರ ಬದುಕಿಗೆ ಸಂಬಂಧಪಟ್ಟ ಹಡಗುಗಳು ಬೇರೆ ಇದ್ದವು. 1877ರಲ್ಲಿ ಮುಂಬೈಯಲ್ಲಿ ಬಾಂಬೆ ಆ್ಯಂಡ್ ಪರ್ಷಿಯಾ ಸ್ಟೀಮ್ ನ್ಯಾವಿಗೇಷನ್ ಎಂಬ ಕಂಪೆನಿ ಆರಂಭವಾಯಿತು. ಮುಂದೆ ಮೊಗಲ್ ಲೈನ್ ಎಂದು ಹೆಸರಾದದ್ದು ಇದೇ. ಅಲವಿ, ರಿಝ್ವಾನಿ, ಇಸ್ಲಾಮಿ ಮುಂತಾದ ಹೆಸರಿನ ಇದರ ಹಡಗುಗಳು ಹಜ್ಜ್ ಯಾತ್ರಿಕರನ್ನು ಜಿದ್ದಾಗೆ ತಲುಪಿಸುತ್ತಿದ್ದವು. ನಮ್ಮ ಕರಾವಳಿಯವರೂ ಘಟ್ಟದ ಮೇಲಿನವರೂ ಮೊದಲು ಮುಂಬೈ ಸೇರಿ, ಅಲ್ಲಿ ಹಡಗಿಗಾಗಿ ಕಾದು ಹತ್ತಬೇಕಿತ್ತು. ಬೀಳ್ಕೊಡುವಾಗ ಮನೆಯವರು ಅಳುತ್ತಿದ್ದರೆಂದರೆ ಕಾರಣವಿಲ್ಲದೆ ಅಲ್ಲ. ಮರಳಿ ಬರುವವರೆಗೆ ತಿಂಗಳುಗಳೇ ಕಳೆಯುತ್ತಿದ್ದವು. ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ 1882ರಿಂದ ರೋಗ ತಪಾಸಣೆಯ ಶಿಬಿರವಿತ್ತು. ದಕ್ಷಿಣದಿಂದ ಬರುವ ಯಾತ್ರಿಕರನ್ನು ಅಲ್ಲಿಳಿಸಿ, ದಿನಗಟ್ಟಲೆ ನಿಲ್ಲಿಸಿಕೊಂಡು, ಆಮೇಲೆ ಮುಂದೆ ಬಿಡುತ್ತಿದ್ದರು. ಭಾರತದಿಂದ ಹಡಗಿನ ಹಜ್ಜ್ ಯಾತ್ರೆ 1995ರಲ್ಲಿ ನಿಂತಿತು. ಇಂದಿನ ಮಕ್ಕಳಿಗೆ ಹಜ್ಜ್ ಎಂದರೆ ವಿಮಾನ ನಿಲ್ದಾಣ ಮಾತ್ರ.

ಫೋಟೋಗಳಲ್ಲಿ ಈ ಹಡಗುಗಳು ಬಲು ಚೆಲುವು. ಎತ್ತರದ ಹೊಗೆಕೊಳವೆ, ಕೂವೆಮರ, ಶಾಂತವಾದ ನೀರು. ಒಳಗಿನ ಇಕ್ಕಟ್ಟು, ಬಿಸಿಲು, ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದ ಜನ ದೂರದಿಂದ ತೆಗೆದ ಚಿತ್ರದಲ್ಲಿ ಕಾಣುವುದಿಲ್ಲ. ಹಾಗಾಗಿ 1880ರ ಒಂದು ಘಟನೆಯನ್ನು ನಿಮಗೆ ಹೇಳಬೇಕು.

‘ಜಿದ್ದಾ’ ಎಂಬ ಹೆಸರಿನ ಉಗಿಹಡಗು ಸಿಂಗಾಪುರದಿಂದ ಹೊರಟು, ಪೆನಾಂಗ್‌ನಲ್ಲೂ ಯಾತ್ರಿಕರನ್ನು ಹತ್ತಿಸಿಕೊಂಡು ಅರಬ್ ನಾಡಿನತ್ತ ಸಾಗಿತ್ತು. ಅದರಲ್ಲಿ ಒಂಬೈನೂರಕ್ಕೂ ಹೆಚ್ಚು ಯಾತ್ರಿಕರು. ಬಿರುಗಾಳಿಗೆ ಸಿಕ್ಕು ಬಾಯ್ಲರುಗಳು ಸಡಿಲಗೊಂಡವು, ನೀರು ಒಳನುಗ್ಗಿತು. ಕಪ್ತಾನನೂ ಅವನ ಅಧಿಕಾರಿಗಳೂ ರಾತ್ರಿ ದೋಣಿಯಿಳಿಸಿ ಪಾರಾದರು. ಬೇರೊಂದು ಹಡಗು ಅವರನ್ನು ಎತ್ತಿಕೊಂಡು ಏಡನ್‌ಗೆ ತಂದಾಗ, ಜಿದ್ದಾ ಜನಸಹಿತ ಮುಳುಗಿತೆಂದು ವರದಿ ಕೊಟ್ಟರು. ಮರುದಿನ ಅದೇ ಜಿದ್ದಾ ಏಡನ್ ಬಂದರಿಗೆ ಬಂತು! ಯಾತ್ರಿಕರು ತಾವೇ ನೀರು ಎತ್ತಿ ಹೊರಚೆಲ್ಲುತ್ತಾ ಹಡಗನ್ನು ತೇಲಿಸಿಟ್ಟಿದ್ದರು, ಆಂಟೆನರ್ ಎಂಬ ಹಡಗು ಅದನ್ನು ಎಳೆದು ತಂದಿತ್ತು. ಕಪ್ತಾನನಿಗಾದ ಶಿಕ್ಷೆ, ಮೂರು ವರ್ಷ ಪರವಾನಗಿ ರದ್ದು. ಇದನ್ನೇ ಆಧರಿಸಿ ಜೋಸೆಫ್ ಕಾನ್ರಾಡ್ 1900ರಲ್ಲಿ ‘ಲಾರ್ಡ್ ಜಿಮ್’ ಕಾದಂಬರಿ ಬರೆದ. ಅದರಲ್ಲಿ ಓಡಿಹೋದ ಅಧಿಕಾರಿಯೇ ಕಥಾನಾಯಕ. ನೀರೆತ್ತಿದವರ ಹೆಸರನ್ನು ಯಾರು ಕೇಳಿದರು?

ಇನ್ನು ಮುದ್ರಣದ ಮಾತು. ವಿಶೇಷ ಶಾಯಿಯಿಂದ ಚಿತ್ರವನ್ನು ಮೊದಲು ಕಾಗದದ ಮೇಲೆ ತಿರುಗುಮುರುಗಾಗಿ ಮುದ್ರಿಸುತ್ತಾರೆ. ಅದನ್ನು ಪ್ಲಾಸ್ಟಿಕ್‌ನಂಥ ತೆಳು ಲೇಪವಿರುವ ಅಲ್ಯೂಮಿನಿಯಂ ತಗಡಿಗೆ ಒತ್ತಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ಕೊಡುತ್ತಾರೆ. ಶಾಯಿ ಆವಿಯಾಗಿ ಲೇಪದ ಒಳಗೆ ಇಳಿಯುತ್ತದೆ. ಬಣ್ಣ ಮೇಲೆ ಅಂಟಿಕೊಂಡಿರುವುದಲ್ಲ, ಒಳಗೆ ಸೇರಿರುವುದು. ಆದ್ದರಿಂದ ಒದ್ದೆಬಟ್ಟೆಯಿಂದ ಒರೆಸಬಹುದು. ನಮ್ಮ ಮಳೆಗಾಲದಲ್ಲಿ ಗಾಜಿನ ಹಿಂದಿನ ಕಾಗದದ ಫೋಟೋಕ್ಕೆ ಬೂಸ್ಟು ಹಿಡಿಯುವುದು ನಿಮಗೆ ಗೊತ್ತಿದೆ. ತಗಡಿಗೆ ಆ ಕಾಟವಿಲ್ಲ. ಆದರೆ ಹಿಂಬದಿಗೆ ಮರದ ಪಟ್ಟಿ ಅಂಟಿಸಿ ಕೊಟ್ಟರೆ ಅದು ತೇವಕ್ಕೆ ಉಬ್ಬುತ್ತದೆ, ಬೇರೆ ಪಟ್ಟಿ ಕೇಳಿ. ನೇರ ಬಿಸಿಲು ಬೀಳುವ ಗೋಡೆಯೂ ಬೇಡ, ಬಣ್ಣ ಮಾಸುತ್ತದೆ.

ತಗಡಿನಲ್ಲಿ ಎರಡು ಬಗೆ. ಬಿಳಿ ಲೇಪವಿದ್ದರೆ ಚಿತ್ರ ಕಾಗದದ ಫೋಟೋದಂತೆಯೇ ಸ್ಪಷ್ಟ. ಬಿಳಿ ಲೇಪವಿಲ್ಲದಿದ್ದರೆ ಬಿಳುಪು ಇರಬೇಕಾದಲ್ಲೆಲ್ಲ ಲೋಹವೇ ಹೊಳೆಯುತ್ತದೆ. ಸಮುದ್ರಕ್ಕೂ ಹೊಗೆಗೂ ಈ ಎರಡನೆಯದು ಬಹಳ ಒಪ್ಪುತ್ತದೆ, ಬೆಳ್ಳಿಯ ನೀರಿನಂತೆ ಕಾಣುತ್ತದೆ. ನನ್ನ ಒಲವು ಅದಕ್ಕೇ. ಮಿರುಗುವ ಮೇಲ್ಮೈ ಮಾತ್ರ ಬೇಡ. ರಾತ್ರಿ ಹಡಗಿನ ಬದಲು ಟ್ಯೂಬ್‌ಲೈಟ್ ಕಾಣುತ್ತದೆ.

ಚಿತ್ರ ಎಲ್ಲಿಂದ? ಪುಸ್ತಕದಿಂದಲೋ ಪತ್ರಿಕೆಯಿಂದಲೋ ಸ್ಕ್ಯಾನ್ ಮಾಡಿದ್ದನ್ನು ಹಿಗ್ಗಿಸಿದರೆ ಅಚ್ಚಿನ ಚುಕ್ಕಿಗಳು ಎದ್ದು ಕಾಣುತ್ತವೆ. ಫೋಟೋದಿಂದಲೇ ತೆಗೆದದ್ದು ಬೇಕು. ಐದೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ಹಳೆಯ ಫೋಟೋ ಕಾರ್ಡನ್ನು ಇಂಚಿಗೆ 600 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿಸಿದರೆ, ಇಂಚಿಗೆ 150ರ ಲೆಕ್ಕದಲ್ಲಿ 22 ಇಂಚು ಅಗಲ, 14 ಇಂಚು ಎತ್ತರಕ್ಕೆ ಹಿಗ್ಗಿಸಬಹುದು. ಸಾಧಾರಣ ಹಾಲ್‌ಗೆ ಅಷ್ಟು ಸಾಕು. ಇತರರ ಸಂಗ್ರಹದ ಚಿತ್ರವಾದರೆ ಅನುಮತಿ ಕೇಳಿ. ಅದು ಅವರ ಹಕ್ಕು, ‘ಸಿಕ್ಕಿತು, ಹಾಕಿದೆ’ ಎನ್ನುವಂತಿಲ್ಲ.

ಅಂಗಡಿಗೆ ಹೋಗುವ ಮೊದಲು ಅಜ್ಜಿಯ ಟ್ರಂಕ್ ತೆರೆದು ನೋಡಿ. ಹಡಗಿನಲ್ಲಿ ಹಜ್ಜಿಗೆ ಹೋದವರ ಪಾಸೋ, ಟಿಕೆಟ್ಟಿನ ಚೂರೋ ಸಿಕ್ಕಿದರೆ ಹಡಗಿನ ಹೆಸರು ತಿಳಿದೀತು, ಆ ಹಡಗಿನ ಫೋಟೋವನ್ನೇ ಹುಡುಕಬಹುದು. ಹೋಗಿ ಬಂದವರು ಮನೆಯಲ್ಲಿ ಇನ್ನೂ ಇದ್ದರೆ ಅವರನ್ನು ಕೂರಿಸಿ ಕೇಳಿ: ಎಷ್ಟು ದಿನದ ಪ್ರಯಾಣ, ಏನು ಉಂಡರು, ಜೊತೆಗೆ ಯಾರಿದ್ದರು. ಈ ಅವಕಾಶ ಹೆಚ್ಚು ವರ್ಷ ಉಳಿಯುವಂಥದ್ದಲ್ಲ. ಹಡಗಿನ ಹೆಸರು, ಹೋದ ವರ್ಷ, ಹೋದವರ ಹೆಸರು ಇಷ್ಟನ್ನು ಚಿತ್ರದ ಕೆಳಗಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಲು ಹೇಳಿ, ಹೆಚ್ಚು ಖರ್ಚಿಲ್ಲ.

ತೂಗುಹಾಕುವಾಗ ನಮಾಝಿಗೆ ನಿಲ್ಲುವ ದಿಕ್ಕಿನ ಗೋಡೆಯನ್ನು ಬಿಡಿ, ಕಣ್ಣು ಅತ್ತ ಹೋಗುತ್ತದೆ. ಬಾಗಿಲಿನ ಪಕ್ಕದ ಗೋಡೆ ಒಳ್ಳೆಯದು, ಮಕ್ಕಳಿಗೂ ಕೆಳಗಿನ ಹೆಸರು ಓದಲು ಸಿಗುವಷ್ಟು ತಗ್ಗಿನಲ್ಲಿ ಮೊಳೆ ಹೊಡೆಯಿರಿ.