ಅಂಗೈಯಗಲದ ಒಲೆಗೆ ಯಾವ ಸ್ಪಿರಿಟ್?

ಪಂಪ್ ಸ್ಟೌ ಹೊತ್ತಿಸುವ ಮುನ್ನ ಅದರ ಬಟ್ಟಲಿಗೆ ಒಂದಿಷ್ಟು ಸ್ಪಿರಿಟ್ ಸುರಿದು ಬೆಂಕಿ ಕೊಡುತ್ತಿದ್ದುದು ನಮ್ಮ ಹಿರಿಯ ಗೃಹಿಣಿಯರಿಗೆ ನೆನಪಿದ್ದೀತು. ಅಡಿಗೆಗೆ ಸೀಮೆಎಣ್ಣೆ, ಸ್ಟೌವಿನ ತಲೆ ಕಾಯಿಸಲು ಮಾತ್ರ ಸ್ಪಿರಿಟ್. ಆದರೆ ಆ ಸ್ಪಿರಿಟಿನಲ್ಲಿಯೇ ಅನ್ನ ಬೇಯಿಸಿಕೊಂಡು ಕಾಡುಮೇಡು ಅಲೆಯುವವರು ಪಾಶ್ಚಾತ್ಯ ದೇಶಗಳಲ್ಲಿ ಬಹುಮಂದಿ ಉಂಟು.

ಸ್ವೀಡನ್ ದೇಶದಲ್ಲಿ 1925ರಲ್ಲಿ ಸ್ಥಾಪಿತವಾದ ಟ್ರಾಂಗಿಯಾ ಎಂಬ ಸಂಸ್ಥೆಯು 1951ರಲ್ಲಿ ಗಾಳಿಮರೆಯೊಡಗೂಡಿದ ಸ್ಪಿರಿಟ್ ಒಲೆಯೊಂದನ್ನು ಹೊರತಂದಿತು. ಹಿತ್ತಾಳೆಯ ಪುಟ್ಟ ಬಟ್ಟಲು, ಅದರ ಅಂಚಿನಲ್ಲಿ ಸಾಲು ರಂಧ್ರಗಳು, ಅಷ್ಟೇ. ಅಮೆರಿಕದ ಜಾರ್ಜಿಯಾದಿಂದ ಮೇಯ್ನ್ ಪ್ರಾಂತದವರೆಗೆ ಸುಮಾರು 3,500 ಕಿಲೋಮೀಟರ್ ಚಾಚಿರುವ ಅಪಲೇಚಿಯನ್ ಕಾಲುದಾರಿಯಲ್ಲಿ ನಡೆಯುವವರಂತೂ ಪಾನೀಯದ ಖಾಲಿ ಡಬ್ಬಿಯನ್ನು ಕತ್ತರಿಸಿ ತಾವೇ ಒಲೆ ಮಾಡಿಕೊಳ್ಳುತ್ತಾರೆ. ಪಂಪಿಲ್ಲ, ನಳಿಕೆಯಿಲ್ಲ, ಕೆಡುವ ಭಾಗವೇ ಇಲ್ಲ. ಅರ್ಧ ಲೀಟರ್ ನೀರು ಕುದಿಯಲು 20ರಿಂದ 30 ಮಿಲಿಲೀಟರ್ ಸ್ಪಿರಿಟ್ ಸಾಕು.

ಒಲೆ ಇಷ್ಟು ಸರಳವಾದರೂ ಇಂಧನದ ವಿಷಯ ಅಷ್ಟು ಸರಳವಲ್ಲ. ಅಂಗಡಿಯಲ್ಲಿ ಸ್ಪಿರಿಟ್ ಎಂಬ ಹೆಸರಿನಲ್ಲಿ ದೊರೆಯುವುದು ಮೂರು ಬೇರೆ ಬೇರೆ ದ್ರವಗಳಲ್ಲಿ ಯಾವುದೂ ಆಗಿರಬಹುದು. ಮೆಥನಾಲಿನ ಅಣುವಿನಲ್ಲಿ ಇಂಗಾಲದ ಪರಮಾಣು ಒಂದು, ಎಥನಾಲಿನಲ್ಲಿ ಎರಡು, ಐಸೋಪ್ರೊಪೈಲಿನಲ್ಲಿ ಮೂರು. ಇಂಗಾಲ ಹೆಚ್ಚಿದಷ್ಟೂ ಶಾಖ ಹೆಚ್ಚು, ಮಸಿಯೂ ಹೆಚ್ಚು. ಐಸೋಪ್ರೊಪೈಲ್ ಉರಿಸಿದರೆ ಪಾತ್ರೆಯ ತಳ ಕಾಡಿಗೆಯಂತಾಗುತ್ತದೆ. ಔಷಧದಂಗಡಿಯಲ್ಲಿ ಗಾಯ ತೊಳೆಯಲು ಮಾರುವ 70 ಪಾಲಿನ ದ್ರಾವಣದಲ್ಲಿ ಉಳಿದ 30 ಪಾಲು ನೀರೇ ಆದ್ದರಿಂದ ಅದನ್ನು ಎಣಿಕೆಗೇ ತೆಗೆದುಕೊಳ್ಳಬೇಕಾಗಿಲ್ಲ.

ಮಸಿಯೊಂದನ್ನೇ ನೋಡುವುದಾದರೆ ಮೆಥನಾಲಿಗೆ ಸಾಟಿಯಿಲ್ಲ. ಅಗ್ಗ, ಶುಭ್ರ, ಚಳಿಯಲ್ಲಿಯೂ ಬೇಗ ಹೊತ್ತುತ್ತದೆ. ಅಮೆರಿಕದ ಪೆಟ್ರೋಲ್ ಬಂಕುಗಳಲ್ಲಿ ಮೋಟಾರಿನ ಇಂಧನ ಹೆಪ್ಪುಗಟ್ಟದಿರಲೆಂದು ಹಳದಿ ಬಾಟಲಿಯಲ್ಲಿ ಮಾರುವ ‘ಹೀಟ್’ ಎಂಬುದು ಹೆಚ್ಚಾಗಿ ಮೆಥನಾಲೇ. ಪಾದಚಾರಿಗಳು ಅದನ್ನು ಕೊಂಡು ಒಲೆಗೆ ಹಾಕುವುದುಂಟು. ಆದರೆ ಈ ದ್ರವ ಘೋರ ವಿಷ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಮಾರ್ಪಟ್ಟು ಕಣ್ಣಿನ ನರವನ್ನೇ ಸುಡುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಕಳ್ಳ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಮೃತರಾದಾಗ ಅದರಲ್ಲಿ ಬೆರೆತಿದ್ದುದು ಇದೇ ಮೆಥನಾಲ್. ಸರಿಯಾಗಿ ಉರಿದಾಗ ಅದು ನೀರಾವಿಯೂ ಇಂಗಾಲಾಮ್ಲವೂ ಆಗಿ ಹೋಗುತ್ತದೆ, ನಿಜ. ಅಪಾಯವಿರುವುದು ಸುರಿಯುವಾಗ, ಚೆಲ್ಲಿದಾಗ, ಮುಚ್ಚಿದ ಗುಡಾರದಲ್ಲಿ ಅದರ ಆವಿ ಉಸಿರಾಡಿದಾಗ. ಚರ್ಮದ ಮೂಲಕವೂ ಅದು ಒಳಸೇರುತ್ತದೆ. ಮಕ್ಕಳೊಡನೆ ಹೊರಟವರು ಅದನ್ನು ನೀರಿನ ಬಾಟಲಿಯಲ್ಲಿ ತುಂಬಿ ಒಯ್ಯುವುದೆಂದರೆ ಏನು ಹೇಳೋಣ!

ಆದಕಾರಣ ಎಥನಾಲೇ ಮೇಲು. ಒಂದು ಕಿಲೋಗ್ರಾಂ ಮೆಥನಾಲ್ ಸುಮಾರು 20 ಮೆಗಾಜೂಲ್ ಶಾಖ ಕೊಟ್ಟರೆ ಎಥನಾಲ್ 27ರಷ್ಟು ಕೊಡುತ್ತದೆ. ಹೊರೆಯೂ ಅಷ್ಟು ಕಡಿಮೆ. ತುಸು ಮಸಿ ಹಿಡಿಯುತ್ತದೆ, ಹಿಡಿಯಲಿ! ನೂರಕ್ಕೆ ಐದರಿಂದ ಹತ್ತು ಪಾಲು ನೀರು ಬೆರೆಸಿದರೆ ಅದೂ ತಗ್ಗುತ್ತದೆ. ಕೊರೆಯುವ ಚಳಿಯಲ್ಲಿ ಹೊತ್ತಲು ಹಟ ಹಿಡಿದರೆ ಬಾಟಲಿಯನ್ನು ಕೋಟಿನೊಳಗೆ ಬೆಚ್ಚಗಿಟ್ಟುಕೊಳ್ಳುವುದು ರೂಢಿ.

ಯಾವ ಸ್ಪಿರಿಟ್ ಆದರೂ ಒಂದು ಭಯ ಮಾತ್ರ ತಪ್ಪಿದ್ದಲ್ಲ. ಹಗಲು ಬೆಳಕಿನಲ್ಲಿ ಮೆಥನಾಲಿನ ಜ್ವಾಲೆ ಕಾಣುವುದೇ ಇಲ್ಲ. ಎಥನಾಲಿನದು ಅಸ್ಪಷ್ಟವಾದ ನೀಲಿ. ಒಲೆ ಆರಿತೆಂದು ಬಗೆದು ಮತ್ತೆ ಸುರಿಯಹೋದರೆ ಬೆಂಕಿ ಧಾರೆಯನ್ನೇರಿ ಬಾಟಲಿಗೆ ತಗಲುತ್ತದೆ. ಮುಚ್ಚಳವಿಟ್ಟು ಆರಿಸಿ, ಬಟ್ಟಲು ಕೈಗೆ ತಣ್ಣಗೆ ತಾಗುವವರೆಗೆ ಕಾಯದೆ ಬೇರೆ ಮಾರ್ಗವಿಲ್ಲ.

ವಿಮಾನದಲ್ಲಿ ಸ್ಪಿರಿಟನ್ನು ಒಯ್ಯಗೊಡಿಸುವುದಿಲ್ಲ. ತಲಪಿದ ಊರಿನಲ್ಲಿಯೇ ಕೊಳ್ಳಬೇಕು. ಬ್ರಿಟನ್ನಿನಲ್ಲಿ ಅದಕ್ಕೆ ಮೆಥಿಲೇಟೆಡ್ ಸ್ಪಿರಿಟ್ ಎಂದು ಹೆಸರು, ಬಹುಕಾಲದ ರೂಢಿಯಂತೆ ನೇರಳೆ ಬಣ್ಣ. ಫ್ರಾನ್ಸಿನಲ್ಲಿ ‘ಆಲ್ಕೊಲ್ ಆ ಬ್ರೂಲೆ’ ಎಂದು ಕೇಳಬೇಕು. ಅಮೆರಿಕದಲ್ಲಿ ಬಣ್ಣದಂಗಡಿಯ ಡಿನೇಚರ್ಡ್ ಆಲ್ಕೊಹಾಲ್ ಡಬ್ಬಿಗಳಲ್ಲಿ ಕೆಲವು ಅರ್ಧಕ್ಕರ್ಧ ಮೆಥನಾಲ್ ಆಗಿರುವುದರಿಂದ, ಅಲ್ಲಿ ನೆಲಸಿರುವ ನಮ್ಮವರು ಚೀಟಿಯನ್ನು ಓದಿ ಕೊಳ್ಳುವುದು ಲೇಸು.