ಸಂಚಾರಿ ದುರಸ್ತಿ ಕಾರ್ಯಾಗಾರ

ಸಂಚಾರಿ ದುರಸ್ತಿ ಕಾರ್ಯಾಗಾರವು ಪಿಕಪ್ ಅಥವಾ ಚಿಕ್ಕ ಸರಕು ವಾಹನದಲ್ಲಿ ಉಪಕರಣ, ಬಿಡಿಭಾಗ ಮತ್ತು ವಿದ್ಯುತ್ ಮೂಲವನ್ನು ವ್ಯವಸ್ಥಿತವಾಗಿ ಜೋಡಿಸಿಕೊಂಡು, ಕೆಟ್ಟ ವಸ್ತು ಇರುವ ಸ್ಥಳಕ್ಕೇ ಹೋಗಿ ದುರಸ್ತಿ ಮಾಡುವ ಏರ್ಪಾಡಾಗಿದೆ. ನಳದ ಕೆಲಸ, ವಿದ್ಯುತ್ ಜೋಡಣೆ, ಬಡಿಗತನ ಮತ್ತು ವೆಲ್ಡಿಂಗ್ ಇದರ ಸಾಮಾನ್ಯ ವ್ಯಾಪ್ತಿ.

ಹಿನ್ನೆಲೆ

ಕುಶಲಕರ್ಮಿಯೇ ಕೆಲಸವಿದ್ದಲ್ಲಿಗೆ ಹೋಗುವ ಪದ್ಧತಿ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಊರ ಬಡಿಗ ಮತ್ತು ಕಮ್ಮಾರರು ಆಯದ ಧಾನ್ಯಕ್ಕೆ ಪ್ರತಿಯಾಗಿ ರೈತರ ರಂಟೆ, ಕುಂಟೆ, ಕೂರಿಗೆಗಳನ್ನು ಸರಿಪಡಿಸಿಕೊಡುತ್ತಿದ್ದರು. ಘಿಸಾಡಿ ಮುಂತಾದ ಅಲೆಮಾರಿ ಕಮ್ಮಾರ ಸಮುದಾಯಗಳು ತಿದಿ ಮತ್ತು ಅಡಿಗಲ್ಲುಗಳೊಂದಿಗೆ ಊರೂರು ತಿರುಗುತ್ತಿದ್ದವು. 2005ರಲ್ಲಿ ಟಾಟಾ ಏಸ್ ಮಾರುಕಟ್ಟೆಗೆ ಬಂದ ಬಳಿಕ ಚಿಕ್ಕ ಸರಕು ವಾಹನಗಳು ಹಳ್ಳಿಗಳಲ್ಲಿ ಹೆಚ್ಚಿದವು. 

ಮಮದಾಪುರ ಪರಿಸರದಲ್ಲಿ ಅಗತ್ಯ

ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನ ಮಮದಾಪುರ, ಆದಿಲ್‌ಶಾಹಿ ಕಾಲದ ಕೆರೆಗೆ ಹೆಸರಾದ ಗ್ರಾಮ. ಈ ಭಾಗದಲ್ಲಿ ಅನೇಕ ಕುಟುಂಬಗಳು ಊರೊಳಗಿರದೆ ಹೊಲದಲ್ಲಿಯೇ, ತೋಟದ ವಸ್ತಿಗಳಲ್ಲಿ ವಾಸಿಸುತ್ತವೆ. ದ್ರಾಕ್ಷಿ, ದಾಳಿಂಬೆ ತೋಟಗಳು ಕೊಳವೆಬಾವಿ ಮತ್ತು ಹನಿ ನೀರಾವರಿಯನ್ನು ಅವಲಂಬಿಸಿವೆ. ಪಂಪ್‌ಸೆಟ್ಟುಗಳಿಗೆ ಮೂರು ಫೇಸ್ ವಿದ್ಯುತ್ ದಿನದ ಕೆಲವೇ ತಾಸು ದೊರೆಯುವುದರಿಂದ, ಆ ಅವಧಿಯಲ್ಲಿ ಸ್ಟಾರ್ಟರ್ ಕೆಟ್ಟರೆ ಅಂದಿನ ನೀರು ತಪ್ಪುತ್ತದೆ; ಬೇಸಿಗೆಯಲ್ಲಿ ಇದು ಬೆಳೆಯ ಮೇಲೆಯೇ ಪರಿಣಾಮ ಬೀರುತ್ತದೆ. ಮರೆತುಬಂದ ಒಂದು ನಟ್ಟಿಗಾಗಿ ವಿಜಯಪುರ ನಗರಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನದ ಕೆಲಸ ನಿಂತಂತೆ. ಆದುದರಿಂದ ಇಂತಹ ವಾಹನದ ಯೋಗ್ಯತೆಯನ್ನು ಉಪಕರಣಗಳ ಸಂಖ್ಯೆಯಿಂದ ಅಳೆಯದೆ, ಎರಡನೆಯ ಬಾರಿ ಹೋಗಬೇಕಾದ ಪ್ರಮೇಯವನ್ನು ಎಷ್ಟು ತಪ್ಪಿಸಿತು ಎಂಬುದರಿಂದ ಅಳೆಯಬೇಕಾಗುತ್ತದೆ.

ಜೋಡಣೆ

ಭಾರವಾದ ವಸ್ತುಗಳನ್ನು ತಳದಲ್ಲಿ, ಚಾಲಕನ ಕೋಣೆಯ ಸಮೀಪದಲ್ಲಿ, ಎಡಬಲ ಸಮತೂಕವಾಗಿ ಇರಿಸಲಾಗುತ್ತದೆ. ಹಿಂದಿನ ಅಚ್ಚಿನಿಂದಾಚೆಗೆ ಭಾರ ಹೆಚ್ಚಾದರೆ ಮುಂದಿನ ಚಕ್ರಗಳ ಮೇಲಿನ ಒತ್ತು ಕಡಿಮೆಯಾಗಿ ಸ್ಟಿಯರಿಂಗ್ ಹಿಡಿತ ಸಡಿಲವಾಗುತ್ತದೆ. ಪದೇ ಪದೇ ಬೇಕಾಗುವ ಇಕ್ಕಳ, ಸ್ಪ್ಯಾನರ್, ಟೆಸ್ಟರ್‌ಗಳು ಬಾಗಿಲ ಬಳಿ, ಸೊಂಟದ ಎತ್ತರದಲ್ಲಿರುತ್ತವೆ. ಪೈಪು, ಏಣಿಗಳನ್ನು ಮೇಲಿನ ಚೌಕಟ್ಟಿಗೆ ಕಟ್ಟಲಾಗುತ್ತದೆ.

ಬಿಡಿಭಾಗಗಳನ್ನು ಕೆಲಸಕ್ಕನುಗುಣವಾಗಿ ಪ್ರತ್ಯೇಕ ಪೆಟ್ಟಿಗೆಗಳಲ್ಲಿ ವಿಂಗಡಿಸುವುದು ರೂಢಿ: ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಫ್ಯೂಸ್, ಕಾಂಟ್ಯಾಕ್ಟ್, ಕೆಪಾಸಿಟರ್, ಪೈಪಿನ ಪೆಟ್ಟಿಗೆಯಲ್ಲಿ 63, 75 ಮತ್ತು 90 ಮಿ.ಮೀ. ಪಿವಿಸಿ ಜೋಡುಗಳು ಹಾಗೂ ಅಂಟು. ಹನಿ ನೀರಾವರಿ ಪೆಟ್ಟಿಗೆಯಲ್ಲಿ 16 ಮಿ.ಮೀ. ಜೋಡುಗಳು. ಈ ಪ್ರದೇಶದ ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ವಾಹನವು ಡಾಂಬರು ರಸ್ತೆ ಬಿಟ್ಟು ಇಳಿಯಲಾರದು. ಹೀಗಾಗಿ ಒಬ್ಬನೇ ಹೊತ್ತು ನಡೆಯಬಲ್ಲಷ್ಟು ತೂಕದ, ಹಿಡಿಕೆಯುಳ್ಳ ಪೆಟ್ಟಿಗೆಗಳು ಇಲ್ಲಿ ಅನಿವಾರ್ಯ. ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ ಪಟ್ಟಿಯನ್ನು ನೋಡಿ ಖರ್ಚಾದ ವಸ್ತುವನ್ನು ಅಂದು ಸಂಜೆಯೇ ತುಂಬಿಡಲಾಗುತ್ತದೆ.

ವಿದ್ಯುತ್ ಪೂರೈಕೆ

12 ವೋಲ್ಟ್, 100 ಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿಯಲ್ಲಿ 1,200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸೀಸ-ಆಮ್ಲ ಬ್ಯಾಟರಿಯ ಬಾಳಿಕೆಗಾಗಿ ಅರ್ಧದಷ್ಟನ್ನು ಮಾತ್ರ ಬಳಸಿದರೆ, 600 ವ್ಯಾಟ್‌ನ ಡ್ರಿಲ್ ಇನ್ವರ್ಟರ್ ಮೂಲಕ ಒಂದು ತಾಸಿಗಿಂತ ಸ್ವಲ್ಪ ಕಡಿಮೆ ನಿರಂತರವಾಗಿ ಓಡಬಲ್ಲದು. 1,000 ವ್ಯಾಟ್ ಹೊರೆಗೆ ಬ್ಯಾಟರಿಯಿಂದ 80 ಆಂಪಿಯರ್‌ಗೂ ಹೆಚ್ಚು ವಿದ್ಯುತ್ ಹರಿಯುವುದರಿಂದ ದಪ್ಪ ತಂತಿ ಮತ್ತು ಬ್ಯಾಟರಿಯ ಪಕ್ಕದಲ್ಲಿಯೇ ಫ್ಯೂಸ್ ಅವಶ್ಯ. ವೆಲ್ಡಿಂಗ್‌ಗೆ ಜನರೇಟರ್ ಬೇಕಾಗುತ್ತದೆ. ಅದನ್ನು ಮುಚ್ಚಿದ ಡಬ್ಬಿಯೊಳಗೆ ಓಡಿಸಿದರೆ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೆ ಎರವಾಗುತ್ತದೆ.

ಸುರಕ್ಷತೆ ಮತ್ತು ಕಾನೂನು

ಕಪ್ಪು ಬಣ್ಣದ ಆಮ್ಲಜನಕ ಮತ್ತು ಕೆಂಗಂದು ಬಣ್ಣದ ಅಸಿಟಿಲೀನ್ ಸಿಲಿಂಡರ್‌ಗಳನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿಯಬೇಕು. ಆಮ್ಲಜನಕದ ಕವಾಟಕ್ಕೆ ಎಣ್ಣೆ ಅಥವಾ ಗ್ರೀಸ್ ತಗುಲಿದರೆ ಬೆಂಕಿ ಹೊತ್ತುವ ಅಪಾಯವಿದೆ. ಕಂಬ ಮತ್ತು ಪರಿವರ್ತಕಗಳ ಮೇಲಿನ ಕೆಲಸ ವಿದ್ಯುತ್ ಕಂಪನಿಯ ಸಿಬ್ಬಂದಿಗೆ ಸೇರಿದುದು.

ನೋಂದಣಿ ಪತ್ರದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಆದ್ದರಿಂದ ಬೋಲ್ಟ್ ಬಿಚ್ಚಿ ತೆಗೆಯಬಹುದಾದ ಕಪಾಟುಗಳು ಸೂಕ್ತ. ಉಪಕರಣಗಳ ಒಟ್ಟು ತೂಕ ಅನುಮತಿಸಿದ ಭಾರವನ್ನು ಮೀರದಂತೆ ತೂಕದ ಸೇತುವೆಯಲ್ಲಿ ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಆರ್ಥಿಕ ನೆರವು ಮತ್ತು ಮಿತಿಗಳು

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿ, ಕಮ್ಮಾರ, ಗಾರೆ ಕೆಲಸದವರೂ ಸೇರಿದಂತೆ 18 ಕಸುಬಿನವರಿಗೆ 15,000 ರೂಪಾಯಿವರೆಗಿನ ಉಪಕರಣ ನೆರವು ಮತ್ತು ಶೇ 5ರ ಬಡ್ಡಿಯ ಸಾಲದ ಅವಕಾಶವಿದೆ. ವಿದ್ಯುತ್ ಮತ್ತು ನಳದ ಕೆಲಸಗಾರರು ಆ ಪಟ್ಟಿಯಲ್ಲಿಲ್ಲ.

ಮೋಟಾರಿನ ಸುರುಳಿ ಹೊಸದಾಗಿ ಸುತ್ತುವುದು, ಕೊಳವೆಬಾವಿಯಿಂದ ಪಂಪ್ ಮೇಲೆತ್ತುವುದು ಇಂತಹ ವಾಹನದ ಶಕ್ತಿಗೆ ಮೀರಿದ ಕೆಲಸಗಳು. ಆದರೂ ದೋಷವು ಬಾವಿಯೊಳಗಿನದೋ, ಸ್ಟಾರ್ಟರಿನದೋ ಎಂಬುದನ್ನು ಸ್ಥಳದಲ್ಲಿಯೇ ನಿರ್ಣಯಿಸಿಕೊಟ್ಟರೆ, ಪಂಪ್ ಎತ್ತಿಸುವ ಅನಗತ್ಯ ವೆಚ್ಚ ರೈತನಿಗೆ ಉಳಿಯುತ್ತದೆ.