ಬರಗಾಲದಲ್ಲಿ ಒಂದು ನಗರದ ನೀರಿನ ಲೆಕ್ಕ

ಮಿರಜದಿಂದ ಲಾತೂರಿಗೆ ನೀರಿನ ರೈಲುಗಾಡಿ ಹೋದುದನ್ನು ನಮ್ಮ ಭಾಗದ ಪಾಲಕರು ಮರೆತಿರಲಾರರು. 2016ರಲ್ಲಿ ಮಾಂಜರಾ ಜಲಾಶಯವು ಬತ್ತಿಹೋದಾಗ, ಲಾತೂರಿನಲ್ಲಿ ನೀರು ತುಂಬುವ ಸ್ಥಳಗಳ ಸುತ್ತ ಜನರು ಗುಂಪುಗೂಡದಂತೆ ನಿಷೇಧಾಜ್ಞೆಯನ್ನೇ ಹೊರಡಿಸಬೇಕಾಯಿತು. ಏಪ್ರಿಲ್ 11ರಂದು ಮಿರಜವನ್ನು ಬಿಟ್ಟ ಮೊದಲ ಗಾಡಿಯು ಪಂಢರಪುರ, ಕುರ್ಡುವಾಡಿಗಳ ಮಾರ್ಗವಾಗಿ ಸುಮಾರು 340 ಕಿಲೋಮೀಟರ್ ಸಾಗಿ, 10 ವ್ಯಾಗನ್ನುಗಳಲ್ಲಿ ಸುಮಾರು 5 ಲಕ್ಷ ಲೀಟರ್ ನೀರನ್ನು ತಲುಪಿಸಿತು. ವಿದ್ಯಾರ್ಥಿಗಳು ಇಲ್ಲಿ ಸ್ವಲ್ಪ ಗಣಿತವನ್ನು ಮಾಡಿ ನೋಡಬೇಕು. ಆ ಊರಿನ ಜನಸಂಖ್ಯೆ ಸುಮಾರು 4 ಲಕ್ಷ. ಎಂದರೆ ತಲೆಗೆ ಒಂದೂಕಾಲು ಲೀಟರ್! ಮುಂದೆ 50 ವ್ಯಾಗನ್ನುಗಳ ಗಾಡಿ ಬಂದಾಗಲೂ ತಲೆಗೆ ಬಂದುದು 6 ಲೀಟರಿನಷ್ಟೇ. ಪ್ರಾಣ ಉಳಿಸಲು ಅದು ಬೇಕೇ ಬೇಕು. ಆದರೆ ಹೊತ್ತು ತಂದ ನೀರಿನಿಂದ ನಗರವೊಂದರ ಸಂಸಾರ ಸಾಗದು. ಇರುವ ನೀರನ್ನೇ, ಅದು ಇನ್ನೂ ಇರುವಾಗ, ಲೆಕ್ಕ ಹಾಕಿ ಹಂಚಿಕೊಳ್ಳಬೇಕಾಗುತ್ತದೆ.

ಹಾಗೆ ಹಂಚಿಕೊಂಡ ನಗರ ದಕ್ಷಿಣ ಆಫ್ರಿಕೆಯ ಕೇಪ್‌ಟೌನ್. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಜೂನ್ ತಿಂಗಳ ಸುಮಾರಿಗೆ. 2015ರಿಂದ 2017ರವರೆಗೆ ಮೂರು ವರ್ಷ ಒಂದೇಸಮನೆ ಮಳೆ ಕೈಕೊಟ್ಟಿತು. ನಗರಕ್ಕೆ ನೀರೊದಗಿಸುವ ಆರು ದೊಡ್ಡ ಜಲಾಶಯಗಳ ಒಟ್ಟು ಸಂಗ್ರಹದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಥೀವಾಟರ್ಸ್‌ಕ್ಲೂಫ್ ಎಂಬ ಒಂದರದೇ. ಅದರ ತಳದಲ್ಲಿ ಧೂಳು ಹಾರತೊಡಗಿತು. ಜಲಾಶಯದ ಕೊನೆಯ ಹತ್ತನೆಯ ಒಂದು ಪಾಲು ನೀರನ್ನು ಎತ್ತುವುದು ಬಲು ಕಷ್ಟ. ಆದುದರಿಂದ ಸಂಗ್ರಹವು ನೂರಕ್ಕೆ 13.5ಕ್ಕೆ ಇಳಿದ ದಿನ ಮನೆಗಳ ನಳಗಳನ್ನು ಮುಚ್ಚುವುದೆಂದು ಪೌರಾಡಳಿತವು ಸಾರಿತು. ಆ ದಿನಕ್ಕೆ ‘ಶೂನ್ಯ ದಿನ’ವೆಂದು ಹೆಸರು. ಅಂದಿನಿಂದ ಸುಮಾರು 200 ಕೇಂದ್ರಗಳಲ್ಲಿ ತಲೆಗೆ 25 ಲೀಟರ್ ನೀರು. ಸುಮಾರು 40 ಲಕ್ಷ ಜನರಿರುವ ನಗರದಲ್ಲಿ ಒಂದೊಂದು ಕೇಂದ್ರದ ಮುಂದೆ 20,000 ಜನರ ಸಾಲು! ಈ ಭಯವು ಮಾಡಿದ ಕೆಲಸವನ್ನು ಯಾವ ದಂಡವೂ ಮಾಡಿರಲಾರದು.

2018ರ ಫೆಬ್ರವರಿ 1ರಿಂದ ಒಬ್ಬರಿಗೆ ದಿನಕ್ಕೆ 50 ಲೀಟರ್ ಎಂಬ ಮಿತಿ ಬಂದಿತು. ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಪಾಯಖಾನೆಗೆ ಬಳಸುವುದು ಶ್ರೀಮಂತರ ಮನೆಗಳಲ್ಲಿಯೂ ರೂಢಿಯಾಯಿತು. ಹೆಚ್ಚು ಬಳಸಿದವರಿಗೆ ನೀರಿನ ದರ ಏರಿತು. ಮಿತಿ ಮೀರಿದ ಮನೆಗಳಿಗೆ ನೀರನ್ನು ತಾನೇ ತಡೆಯುವ ಮೀಟರುಗಳನ್ನು ಕೂಡಿಸಿದರು.

ಇವೆಲ್ಲಕ್ಕಿಂತ ಹೆಚ್ಚಾಗಿ ನಾವು ಗಮನಿಸಬೇಕಾದುದು ಕೊಳವೆಗಳಲ್ಲಿ ನೀರಿನ ಒತ್ತಡವನ್ನು ತಗ್ಗಿಸಿದ ಕ್ರಮ. ಒತ್ತಡ ಹೆಚ್ಚಿದ್ದಷ್ಟೂ ಸೀಳುಗಳಿಂದ ಸೋರುವ ನೀರು ಹೆಚ್ಚು; ಒತ್ತಡ ತಗ್ಗಿದರೆ ಸೋರಿಕೆಯೂ ತಗ್ಗುತ್ತದೆ, ಕೊಳವೆ ಒಡೆಯುವುದೂ ಕಡಿಮೆಯಾಗುತ್ತದೆ. ನಮ್ಮ ಊರುಗಳಲ್ಲಿ ಬರ ಬಂದಾಗ ಮಾಡುವುದು ಬೇರೆ: ನಾಲ್ಕು ದಿನಕ್ಕೊಮ್ಮೆ, ವಾರಕ್ಕೊಮ್ಮೆ ನೀರು ಬಿಡುತ್ತೇವೆ. ನೀರಿಲ್ಲದ ದಿನಗಳಲ್ಲಿ ಕೊಳವೆ ಬರಿದಾಗಿ, ಹೊರಗಿನ ಕೊಳಚೆಯನ್ನು ಸೀಳುಗಳ ಮೂಲಕ ಒಳಗೆ ಸೆಳೆದುಕೊಳ್ಳುತ್ತದೆ. ನೀರು ಬಂದ ದಿನ ಮನೆಯವರು ಹಳೆಯದನ್ನು ಚೆಲ್ಲಿ ಹೊಸದನ್ನು ತುಂಬುವುದೂ ಉಂಟು. ಕೊಡ ತುಂಬಲು ತಡವಾದರೂ ಸರಿ, ಕೊಳವೆ ಬರಿದಾಗದಿರುವುದು ಮೇಲೆಂದು ನನ್ನ ಅಭಿಪ್ರಾಯ.

ಒಕ್ಕಲಿಗರ ಉಪಕಾರವನ್ನೂ ಹೇಳಬೇಕು. ಆ ಫೆಬ್ರವರಿಯಲ್ಲಿ ಗ್ರೋನ್‌ಲ್ಯಾಂಡ್ ಭಾಗದ ಹಣ್ಣಿನ ತೋಟಗಾರರು ತಮ್ಮ ಜಲಾಶಯಗಳಿಂದ ಸುಮಾರು 1000 ಕೋಟಿ ಲೀಟರ್ ನೀರನ್ನು ನಗರಕ್ಕೆ ಬಿಟ್ಟುಕೊಟ್ಟರು. 2015ರಲ್ಲಿ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಕುಡಿಯುತ್ತಿದ್ದ ನಗರಕ್ಕೆ ಅದು ಎಂಟು ದಿನಕ್ಕೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಬಳಕೆ 50 ಕೋಟಿಯ ಹತ್ತಿರಕ್ಕೆ ಇಳಿದಿದ್ದುದರಿಂದ ಅದೇ ನೀರು ಇಪ್ಪತ್ತು ದಿನಗಳ ಆಧಾರವಾಯಿತು.

ಶೂನ್ಯ ದಿನವನ್ನು ಮುಂದೂಡುತ್ತ ಹೋಗಿ ಕಡೆಗೆ ಕೈಬಿಟ್ಟರು. ಜೂನ್‌ನಲ್ಲಿ ಮಳೆ ಬಂದಿತು. ಆದರೂ ನಳಗಳನ್ನು ಧಾರಾಳವಾಗಿ ಬಿಚ್ಚಲಿಲ್ಲ. ಜಲಾಶಯಗಳು ತುಂಬತೊಡಗಿದ ಮೇಲೆ, ಅಕ್ಟೋಬರ್ 1ರಿಂದ, 50 ಲೀಟರ್ 70 ಆಯಿತು.